ಕೊಳಕುಮಂಡಲ ಕಡಿದ ಮೇಲೆ ಕಾರ್ಟಿಸಾಲ್ ಕಮ್ಮಿ, ಗ್ರೋತ್ ಹಾರ್ಮೋನೂ ಕಮ್ಮಿ: ಮೊದಲು ಯಾವುದು?

ಹೊಸನಗರದವ
ಅತ್ತಿಗೆಗೆ 38. ಹೋದ ಮಳೆಗಾಲ ತೋಟದಲ್ಲಿ ಕೊಳಕುಮಂಡಲ ಕಡಿದು ಡಯಾಲಿಸಿಸ್ ಆಗಿತ್ತು. ಈಗ ವಿಪರೀತ ಸುಸ್ತು, ತಲೆಸುತ್ತು, ಮುಟ್ಟು ನಿಂತಿದೆ. ರಿಪೋರ್ಟ್: ಕಾರ್ಟಿಸಾಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನ್) 5.8 (ರಕ್ತ ಕೊಟ್ಟಿದ್ದು 11.30ಕ್ಕೆ), ಜಿಎಚ್ (ಗ್ರೋತ್ ಹಾರ್ಮೋನ್) 0.1, ಫ್ರೀ ಟಿ4 (ಥೈರಾಯ್ಡ್ ಹಾರ್ಮೋನ್) ಕಮ್ಮಿ, ಅದನ್ನು ಹೊರಡಿಸುವ ಟಿಎಸ್‌ಎಚ್ ನಾರ್ಮಲ್, ಸೋಡಿಯಂ 126. ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ) 50 ನಾಳೆಯಿಂದ. ಜಿಎಚ್ ಇಂಜೆಕ್ಷನ್ನೂ ಬೇಕಾ?

ಎಂಡೋ_ಮಲ್ನಾಡ್
ಥೈರಾಕ್ಸಿನ್ ಮುಟ್ಟಬೇಡಿ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಕಾರ್ಟಿಸಾಲ್ ಕೊರತೆ ಇದ್ದಾಗ ಥೈರಾಕ್ಸಿನ್ ಮೊದಲು ಕೊಟ್ಟರೆ ಇದ್ದಬದ್ದ ಕಾರ್ಟಿಸಾಲೂ ಬೇಗ ಖರ್ಚಾಗಿ ಬಿಪಿ ಕುಸಿಯುತ್ತದೆ. ಸೋಡಿಯಂ 126ಕ್ಕೆ ಇಳಿದಿದೆ, ಜೊತೆಗೆ ತಲೆಸುತ್ತು ಅಂದರೆ ಕಾಯುವ ಮಾತಿಲ್ಲ, ಶಿವಮೊಗ್ಗದ ಮೆಗ್ಗಾನ್‌ಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಕರಕೊಂಡು ಹೋಗಿ. ಈ ಹಾವಿನ ವಿಷದಿಂದ, ಈ ಹಾರ್ಮೋನುಗಳನ್ನೆಲ್ಲ ನಡೆಸುವ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಏಟು ಬೀಳುವುದುಂಟು. ಕಡಿತದ ವಿಷಯ ಹೇಳದಿದ್ದರೆ ಯಾರಿಗೂ ಹೊಳೆಯುವುದಿಲ್ಲ.

ಲ್ಯಾಬ್‌ನೋರು
ಕಾರ್ಟಿಸಾಲ್‌ಗೆ ರಕ್ತ ತೆಗೆಯಬೇಕಾದ್ದು ಬೆಳಿಗ್ಗೆ 8–9ಕ್ಕೆ. ಆ ಹೊತ್ತಿನಲ್ಲಿ 3 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಖಾತ್ರಿ, 15 ದಾಟಿದರೆ ಹೆಚ್ಚುಕಮ್ಮಿ ನಿರಾಳ, ನಡುವೆ ಬಂದರೆ ಎಸಿಟಿಎಚ್ (ಕಾರ್ಟಿಸಾಲ್ ಹೊರಡಿಸುವ ಹಾರ್ಮೋನ್) ಚುಚ್ಚಿ ನೋಡುವ ಪರೀಕ್ಷೆ. 11.30ರ ಸಂಖ್ಯೆಗೆ ಈ ಗೆರೆಗಳು ಅನ್ವಯಿಸುವುದಿಲ್ಲ. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆ ಯಂತ್ರ ಅದನ್ನೂ ಕಾರ್ಟಿಸಾಲ್ ಅಂತಲೇ ಓದೀತು. ಈಸ್ಟ್ರೊಜೆನ್ ಮಾತ್ರೆ ಸಂಖ್ಯೆಯನ್ನು ಸುಳ್ಳೇ ಏರಿಸುತ್ತದೆ.

ಜಿಎಚ್ 0.1 ಅಂದರೆ ಏನೂ ಅಲ್ಲ. ಅದು ಅಲೆಅಲೆಯಾಗಿ ಬರುವುದು, ಹೆಚ್ಚಾಗಿ ರಾತ್ರಿ ನಿದ್ದೆಯಲ್ಲಿ. ಹಗಲಲ್ಲಿ ಆರೋಗ್ಯವಂತರಿಗೂ ಅಷ್ಟೇ ಇರಬಹುದು. ಐಜಿಎಫ್-1 (ಜಿಎಚ್ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ) ಮಾಡಿಸಿ.

ಎಂಡೋ_ಮಲ್ನಾಡ್
ಪಿಟ್ಯುಟರಿಯಿಂದ ಅಡ್ರಿನಲ್, ಥೈರಾಯ್ಡ್, ಅಂಡಾಶಯಕ್ಕೆ ಹೋಗುವ ಮೂರೂ ದಾರಿ ಬತ್ತಿರುವುದು ಖಚಿತವಾಗಿ, ಐಜಿಎಫ್-1 ಕಮ್ಮಿ ಬಂದರೆ ಜಿಎಚ್ ಕೊರತೆ ತಿಳಿಯಲು ಇನ್ಸುಲಿನ್ ಚುಚ್ಚಿ ಶುಗರ್ ಇಳಿಸುವ ಪರೀಕ್ಷೆಯ ರಗಳೆ ಬೇಡ. ಸಾಮಾನ್ಯ ಕ್ರಮ: ಹೈಡ್ರೊಕಾರ್ಟಿಸೋನ್ (ಕಾರ್ಟಿಸಾಲ್ ಮಾತ್ರೆ) ಎದ್ದಕೂಡಲೇ 10 ಮಿಗ್ರಾಂ, ಮಧ್ಯಾಹ್ನ 5, ಆಮೇಲೆ ಥೈರಾಕ್ಸಿನ್, ಕೊನೆಗೆ ಜಿಎಚ್, ದಿನಕ್ಕೆ 0.2 ಮಿಗ್ರಾಂನಿಂದ, ರಾತ್ರಿ. ಐಜಿಎಫ್-1 ನೋಡುತ್ತಾ ಏರಿಸುವುದು. ಕಾಲು ಊದಿದರೆ, ಬೆರಳು ಜುಮ್ಮೆಂದರೆ ಡೋಸ್ ಜಾಸ್ತಿಯಾಗಿದೆ. ಜಿಎಚ್ ಶುರುವಾದ ಮೇಲೆ ಸುಸ್ತು ಹೆಚ್ಚಿದರೆ ಕಾರ್ಟಿಸಾಲ್ ಕಡೆ ನೋಡಬೇಕು: ನಿಷ್ಕ್ರಿಯ ಕಾರ್ಟಿಸೋನ್ ಕಾರ್ಟಿಸಾಲ್ ಆಗುವುದನ್ನು ಜಿಎಚ್ ತಗ್ಗಿಸುತ್ತದೆ.

ಹೊಸನಗರದವ
ಹೊರಟಿದ್ದೇವೆ. ಮಳೆಗೆ ರಸ್ತೆ ಬಂದ್, ಕರೆಂಟಿಲ್ಲ ಅಂದಾಗ?

ಲ್ಯಾಬ್‌ನೋರು
ಜಿಎಚ್ ಕಾರ್ಟ್ರಿಜ್ 2–8 ಡಿಗ್ರಿಯಲ್ಲಿ. ಫ್ರಿಜ್ ಬಾಗಿಲು ತೆಗೆಯಬೇಡಿ, ಐಸ್‌ಗೆ ತಾಗಿಸಿ ಇಡಬೇಡಿ, ಹೆಪ್ಪುಗಟ್ಟಿದ್ದು ಬಿಸಾಡುವುದೇ. ಜಿಎಚ್ ಒಂದು ದಿನ ತಪ್ಪಿದರೆ ನಡೆಯುತ್ತದೆ, ಹೈಡ್ರೊಕಾರ್ಟಿಸೋನ್ ತಪ್ಪಿದರೆ ನಡೆಯುವುದಿಲ್ಲ. ಜ್ವರಕ್ಕೆ ಹೈಡ್ರೊಕಾರ್ಟಿಸೋನ್ ಡೋಸ್ ಎರಡು-ಮೂರು ಪಟ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಅದರದ್ದೇ 100 ಮಿಗ್ರಾಂ ಇಂಜೆಕ್ಷನ್ ತೊಡೆಗೆ, ಆಮೇಲೆ ಆಸ್ಪತ್ರೆ. ವಯಲ್, ನೀರು, ಸಿರಿಂಜ್ ಮನೆಯಲ್ಲಿರಲಿ, ಹಾಕುವುದನ್ನು ಇಬ್ಬರಾದರೂ ನರ್ಸ್ ಹತ್ತಿರ ಕಲಿತಿರಲಿ.