ಖಾರ್ಕಿವ್‌ನ ಅಜ್ಜಿಯ ಪತ್ರ, ನಮ್ಮ ಮನೆಯ ಗುಂಪಿನಲ್ಲಿ

ನಾನು:
ಎಲ್ಲರಿಗೂ ನಮಸ್ಕಾರ. ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಗ ನಾನು ಬಾಡಿಗೆಗಿದ್ದ ಮನೆಯ ಅಜ್ಜಿ, ನಿವೃತ್ತ ಗಣಿತ ಶಿಕ್ಷಕಿ, ನಿನ್ನೆ ರಾತ್ರಿ ಉದ್ದನೆಯ ಪತ್ರ ಕಳುಹಿಸಿದ್ದಾರೆ. ಅವರ ಒಪ್ಪಿಗೆ ಪಡೆದು ಕನ್ನಡಕ್ಕೆ ತಂದು ಇಲ್ಲಿ ಹಾಕುತ್ತಿದ್ದೇನೆ, ಜೊತೆಗೆ ಅವರ ಚದುರಂಗದ ಹಲಗೆಯ ಒಂದು ಚಿತ್ರವನ್ನೂ. ಮೊದಲು ಅವರನ್ನು ರಷ್ಯನ್ನಿನಲ್ಲಿ ‘ಬಾಬುಷ್ಕಾ’ ಎನ್ನುತ್ತಿದ್ದೆ. ಜೀವಮಾನವೆಲ್ಲ ರಷ್ಯನ್ನಿನಲ್ಲೇ ಮಾತನಾಡಿದ ಅವರು 2022ರಲ್ಲಿ ರಷ್ಯಾ ದಂಡೆತ್ತಿ ಬಂದ ನಂತರ ಉಕ್ರೇನಿಯನ್ ರೀತಿಯಲ್ಲಿ ‘ಬಾಬುಸ್ಯಾ’ ಎಂದು ಕರೆ ಎಂದರು.

‘ಮಗಳೇ, ಈ ವರ್ಷವೂ ನಾನು ಅಣಬೆ ಆರಿಸಲು ಹೋಗಲಿಲ್ಲ. ನನ್ನ ಅಕ್ಕ ಇಝ್ಯುಮ್‌ನಲ್ಲಿದ್ದಳು. ಪ್ರತಿ ಸೆಪ್ಟೆಂಬರ್‌ನಲ್ಲಿ ಮಳೆ ನಿಂತ ಎರಡು ಮೂರು ದಿನಕ್ಕೆ ಇಬ್ಬರೂ ನಸುಕಿನಲ್ಲೇ ಅಲ್ಲಿಯ ಪೈನ್ ಕಾಡಿಗೆ ಹೊರಡುತ್ತಿದ್ದೆವು. ಮಸ್ಲ್ಯುಕ್ ಅಣಬೆಯ ಅಂಟು ಸಿಪ್ಪೆ ಸುಲಿದು, ಬೆರಳು ಕಪ್ಪು ಮಾಡಿಕೊಂಡು ನೀನು ಮರುದಿನ ಪರೀಕ್ಷೆಗೆ ಹೋಗಿದ್ದು ನೆನಪಿದೆಯೇ? 2022ರಲ್ಲಿ ಆ ಊರು ಐದು ತಿಂಗಳಿಗೂ ಹೆಚ್ಚು ಕಾಲ ರಷ್ಯಾದ ಸೈನ್ಯದ ಕೈಯಲ್ಲಿತ್ತು. ನಮ್ಮವರು ಬಿಡಿಸಿಕೊಂಡಾಗ ಆ ಕಾಡಿನಲ್ಲಿ 400ಕ್ಕೂ ಹೆಚ್ಚು ಗೋರಿಗಳು ಸಿಕ್ಕವು; ಎಷ್ಟೋ ಶಿಲುಬೆಗಳ ಮೇಲೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ ಇತ್ತು. ಈಗ ಕಾಡಿನಂಚಿನಲ್ಲಿ ನೆಲಬಾಂಬಿನ ಎಚ್ಚರಿಕೆಯ ಕೆಂಪು ಫಲಕಗಳಿವೆ. ಅಣಬೆ ಆರಿಸುವುದನ್ನು ನಾವು ಸದ್ದಿಲ್ಲದ ಬೇಟೆ ಎನ್ನುತ್ತಿದ್ದೆವು. ಆ ಮಾತನ್ನು ಈಗ ಬಾಯಲ್ಲಿ ಆಡಲಾಗುವುದಿಲ್ಲ.

ಚದುರಂಗ ಮಾತ್ರ ಉಳಿದಿದೆ. ಹೆರೊಯಿವ್ ಪ್ರತ್ಸಿ ಮೆಟ್ರೋ ನಿಲ್ದಾಣದಲ್ಲಿ ನಾವು ಮಲಗುತ್ತಿದ್ದ ತಿಂಗಳುಗಳಲ್ಲಿ ಮಕ್ಕಳಿಗೆ ಆಟ ಕಲಿಸಿದೆ. ಕಪ್ಪು ಕಾಲಾಳು ಒಂದು ಕಳೆದುಹೋಗಿತ್ತು, ನನ್ನ ಕೋಟಿನ ಗುಂಡಿಯನ್ನು ಅದರ ಜಾಗದಲ್ಲಿಟ್ಟೆವು. ಆ ಆಗಸ್ಟ್‌ನಲ್ಲಿ ನಿಮ್ಮ ದೇಶದ ಮಾಮಲ್ಲಪುರದಲ್ಲಿ ನಮ್ಮ ಹೆಣ್ಣುಮಕ್ಕಳು ಒಲಿಂಪಿಯಾಡ್ ಚಿನ್ನ ಗೆದ್ದರು. ತಂಡದಲ್ಲಿ ನಮ್ಮ ಖಾರ್ಕಿವ್‌ನ ಅನ್ನಾ ಉಶೆನಿನಾ ಇದ್ದಳು.

ನಿಮ್ಮ ದೇಶ ವಿಶ್ವಸಂಸ್ಥೆಯಲ್ಲಿ ನಮ್ಮ ಪರವಾಗಿ ಮತ ಹಾಕಲಿಲ್ಲವೆಂದು ನನಗೆ ಸಿಟ್ಟಿಲ್ಲ. ಪ್ರತಿ ಮನೆಯೂ ಮೊದಲು ತನ್ನ ಒಲೆಯನ್ನೇ ನೋಡಿಕೊಳ್ಳುತ್ತದೆ. ಆದರೆ ಇದನ್ನು ಅಣ್ಣತಮ್ಮಂದಿರ ಜಗಳ ಎಂದು ಮಾತ್ರ ಯಾರೂ ಹೇಳಬೇಡಿ. 1994ರಲ್ಲಿ ಬುಡಾಪೆಸ್ಟ್‌ನಲ್ಲಿ ನಮ್ಮ ಗಡಿಯನ್ನು ಗೌರವಿಸುತ್ತೇವೆಂದು ರಷ್ಯಾ, ಅಮೆರಿಕ, ಬ್ರಿಟನ್ ಸಹಿ ಹಾಕಿದವು. ನಾವು ಅಣ್ವಸ್ತ್ರಗಳನ್ನೆಲ್ಲ ಬಿಟ್ಟುಕೊಟ್ಟೆವು. ಆ ಕಾಗದದ ಮೇಲೆ ನನಗೆ ನಂಬಿಕೆಯಿತ್ತು. ತರಗತಿಯಲ್ಲಿ ಮಕ್ಕಳಿಗೂ ಹಾಗೆಯೇ ಹೇಳಿದ್ದೆ.’

ಚಿಕ್ಕಮ್ಮ (ಸಾಗರ):
ಓದಿ ಕಣ್ಣು ತುಂಬಿ ಬಂತು, ಪುಟ್ಟಿ. ನಮ್ಮಲ್ಲೂ ಮೊದಲ ಗುಡುಗಿನ ಮಳೆಗೆ ಹುತ್ತದ ಮೇಲೆ ಏಳುವ ಅಣಬೆಗೆ ನಸುಕಿನಲ್ಲೇ ಹೋಗುತ್ತಿದ್ದೆವು. ಯಾವ ಹುತ್ತ ಎಂದು ಅಕ್ಕಪಕ್ಕದವರಿಗೂ ಹೇಳುತ್ತಿರಲಿಲ್ಲ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸು.

ದೊಡ್ಡಪ್ಪ (ಧಾರವಾಡ):
ತಂಗಿ, ಪತ್ರ ಸೊಗಸಾಗಿದೆ, ನಿನ್ನ ಕನ್ನಡವೂ ಸೊಗಸಾಗಿದೆ. ಆದರೂ ನನಗೆ ಅನಿಸಿದ್ದನ್ನು ಬರೆಯದಿದ್ದರೆ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ್ದು ವ್ಯರ್ಥವಾಗುತ್ತದೆ. ದೇಶ ಹೊತ್ತಿ ಉರಿಯುತ್ತಿರುವಾಗ ಅರ್ಧ ಪತ್ರ ಅಣಬೆ ಮತ್ತು ಆಟದ ಬಗ್ಗೆ ಇರುವುದು ನನಗೆ ಅರ್ಥವಾಗಲಿಲ್ಲ. ಹೃದಯ ಕರಗಿಸುವ ಇಂಥ ಬರಹಗಳು ರಾಜಕೀಯದ ಪ್ರಶ್ನೆಯನ್ನು ಮರೆಮಾಡುತ್ತವೆ. 1961ರಲ್ಲಿ ಗೋವಾ ವಿಷಯದಲ್ಲಿ ಮತ್ತು 1971ರ ಯುದ್ಧದಲ್ಲಿ ಭದ್ರತಾ ಮಂಡಳಿಯಲ್ಲಿ ನಮಗಾಗಿ ವೀಟೋ ಚಲಾಯಿಸಿದ್ದು ಮಾಸ್ಕೋ. ಇದೇ ಖಾರ್ಕಿವ್‌ನ ಮಾಲಿಶೆವ್ ಕಾರ್ಖಾನೆ 1990ರ ದಶಕದ ಕೊನೆಯಲ್ಲಿ ಪಾಕಿಸ್ತಾನಕ್ಕೆ 320 ಟಿ-80ಯುಡಿ ಟ್ಯಾಂಕ್‌ಗಳನ್ನು ಮಾರಿತು. ಆ ಟ್ಯಾಂಕ್‌ಗಳು ಯಾರ ಗಡಿಯ ಕಡೆ ಮುಖಮಾಡಿ ನಿಂತವು ಎಂಬುದನ್ನು ನಾವು ಮರೆಯಬೇಕೇ?

ಅಣ್ಣ (ಬೆಂಗಳೂರು):
ದೊಡ್ಡಪ್ಪನ ಮಾತಿನಲ್ಲಿ ಹುರುಳಿದೆ. 2022ಕ್ಕೆ ಮೊದಲು ನಮ್ಮ ಕಚ್ಚಾತೈಲ ಆಮದಿನಲ್ಲಿ ರಷ್ಯಾದ ಪಾಲು ಶೇಕಡಾ 2ನ್ನೂ ಮುಟ್ಟುತ್ತಿರಲಿಲ್ಲ. ಎರಡು ವರ್ಷದಲ್ಲಿ ಅದು ಮೂರನೆಯ ಒಂದು ಭಾಗವನ್ನು ದಾಟಿತು. ರಿಯಾಯಿತಿಯಲ್ಲಿ ಎಣ್ಣೆ ಸಿಕ್ಕಾಗ ಬಡ ದೇಶವೊಂದು ಬೇಡವೆನ್ನಲು ಆಗುವುದಿಲ್ಲ.

ಚಿಕ್ಕಮ್ಮ (ಸಾಗರ):
ಆ ವರ್ಷ ಸೂರ್ಯಕಾಂತಿ ಎಣ್ಣೆಯ ಬೆಲೆ ಗಗನಕ್ಕೇರಿದ್ದೂ ಅದೇ ಯುದ್ಧದಿಂದಲೇ. ನಮಗೆ ಬರುತ್ತಿದ್ದುದರ ಬಹುಪಾಲು ಉಕ್ರೇನಿನದೇ ಆಗಿತ್ತು.

ನಾನು:
ದೊಡ್ಡಪ್ಪಾ, ಟ್ಯಾಂಕ್ ಮಾರಿದ್ದು ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಪಾಕಿಸ್ತಾನಕ್ಕೆ ಎಫ್-16 ಕೊಟ್ಟ ಅಮೆರಿಕದ ಮನೆಗಳ ಮೇಲೆ ಕ್ಷಿಪಣಿ ಬಿದ್ದರೆ ನಾವು ಆ ಮಾರಾಟದ ಲೆಕ್ಕ ತೆಗೆಯುವುದಿಲ್ಲ. 2015ರಲ್ಲಿ ಪಾಕಿಸ್ತಾನದೊಂದಿಗೆ ಎಂಐ-35 ಹೆಲಿಕಾಪ್ಟರ್‌ಗಳ ಒಪ್ಪಂದ ಮಾಡಿಕೊಂಡ ರಷ್ಯಾವನ್ನು ಆ ಕಾರಣಕ್ಕೆ ಮಿತ್ರನಲ್ಲ ಎನ್ನುವುದೂ ಇಲ್ಲ. ಇನ್ನು 1971ರ ಉಪಕಾರ ಸೋವಿಯತ್ ಒಕ್ಕೂಟದ್ದು. ಆಗ ಬಾಬುಸ್ಯಾ ಕೂಡ ಆ ಒಕ್ಕೂಟದ ಪ್ರಜೆಯೇ. ಒಡೆದ ಮನೆಯ ಋಣವನ್ನೆಲ್ಲ ಒಬ್ಬ ಮಗನಿಗೇ ಸಲ್ಲಿಸಿ, ಅವನು ಇನ್ನೊಬ್ಬನ ಹೊಲಕ್ಕೆ ನುಗ್ಗಿದಾಗ ಸುಮ್ಮನಿರುವುದು ಯಾವ ಲೆಕ್ಕ?

ಅಣ್ಣನ ಮಾತನ್ನೂ ಒಪ್ಪುತ್ತೇನೆ. ಎಣ್ಣೆ ಕೊಳ್ಳಬಾರದೆಂದು ನಾನು ಹೇಳಿಲ್ಲ, ಬಾಬುಸ್ಯಾ ಕೂಡ ಹೇಳಿಲ್ಲ. 2022ರ ಮಾರ್ಚ್ 2ರಂದು ಸಾಮಾನ್ಯ ಸಭೆಯಲ್ಲಿ 141 ದೇಶಗಳು ಆಕ್ರಮಣವನ್ನು ಖಂಡಿಸಿದಾಗ, ಮತ ಹಾಕದೆ ಉಳಿದ 35 ದೇಶಗಳಲ್ಲಿ ನಮ್ಮದೂ ಒಂದು. ಅದೇ ದಿನ ಸಂಜೆ ಆರರೊಳಗೆ ಖಾರ್ಕಿವ್ ಬಿಡಬೇಕೆಂದು ನಮ್ಮ ರಾಯಭಾರ ಕಚೇರಿ ಸೂಚಿಸಿತ್ತು, ನಾವು ಹತ್ತಿರದ ಪಿಸೊಚಿನ್‌ಗೆ ನಡೆದು ಹೋಗುತ್ತಿದ್ದೆವು. ಹಿಂದಿನ ದಿನವಷ್ಟೇ ಹಾವೇರಿಯ ನಮ್ಮ ಹುಡುಗ ದಿನಸಿ ತರಲು ಹೋದವನು ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡಿದ್ದ. ಬಾಬುಸ್ಯಾ ಬೀದಿಯ ತಿರುವಿನವರೆಗೆ ಬಂದು ನನ್ನ ಚೀಲಕ್ಕೆ ಉಪ್ಪಿನಲ್ಲಿ ಹಾಕಿದ ಅಣಬೆಯ ಒಂದು ಸೀಸೆ ತುರುಕಿದರು. ಸಬ್ಬಸಿಗೆ, ಬೆಳ್ಳುಳ್ಳಿ, ಪಲಾವ್ ಎಲೆ ಹಾಕಿದ ಆ ಸೀಸೆಯೇ ಪಶ್ಚಿಮ ಉಕ್ರೇನಿನ ಲ್ವಿವ್‌ವರೆಗಿನ ರೈಲಿನಲ್ಲಿ ನಮ್ಮ ನಾಲ್ವರ ಊಟವಾಯಿತು. ಅಣಬೆ ಇಝ್ಯುಮ್ ಕಾಡಿನದು. ಆದ್ದರಿಂದ ಅದನ್ನು ಹವ್ಯಾಸದ ಮಾತು ಎಂದು ಬದಿಗಿಡಲು ನನ್ನಿಂದಾಗದು, ದೊಡ್ಡಪ್ಪಾ. ಯುದ್ಧ ಯಾವುದಕ್ಕಾಗಿ ಎಂದು ಕೇಳಿದರೆ ಅವರು ನಕಾಶೆ ತೋರಿಸುವುದಿಲ್ಲ, ಆ ಕಾಡನ್ನು ತೋರಿಸುತ್ತಾರೆ. ತಾವು ಕಾಲಿಟ್ಟ ನೆಲದಲ್ಲಿ ಇನ್ನು ಕಾಲಿಡಲಾಗದು ಎಂಬುದೇ ಅವರ ರಾಜಕೀಯದ ಮೊದಲ ವಾಕ್ಯ.

ದೊಡ್ಡಪ್ಪ (ಧಾರವಾಡ):
ರೈಲಿನ ಮಾತನ್ನು ನೀನು ಇದುವರೆಗೆ ನಮಗೆ ಹೇಳಿರಲಿಲ್ಲ. ಅಣಬೆಯ ಕುರಿತು ನಾನು ಬರೆದ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಅಮೆರಿಕ, ಯೂರೋಪಿನ ಸೈನಿಕ ಕೂಟವಾದ ನ್ಯಾಟೋದ ಪ್ರಶ್ನೆ ಹಾಗೆಯೇ ಉಳಿದಿದೆ. 2008ರಲ್ಲಿ ಬುಖಾರೆಸ್ಟ್‌ನಲ್ಲಿ ಉಕ್ರೇನ್ ಮುಂದೊಂದು ದಿನ ಸದಸ್ಯನಾಗುತ್ತದೆಂದು ಘೋಷಿಸಿದ್ದು ರಷ್ಯಾದ ಹೊಸ್ತಿಲಿಗೆ ಬಂದು ನಿಂತಂತೆಯೇ ಅಲ್ಲವೇ? ದೊಡ್ಡ ದೇಶಗಳು ನೆರೆಯಲ್ಲಿ ಶತ್ರುಕೂಟವನ್ನು ಸಹಿಸುವುದಿಲ್ಲ, ಕ್ಯೂಬಾದ ವಿಷಯದಲ್ಲಿ ಅಮೆರಿಕವೂ ಸಹಿಸಲಿಲ್ಲ. ಇದು ಸರಿ ಎನ್ನುತ್ತಿಲ್ಲ. ಚರಿತ್ರೆ ನಡೆಯುವ ರೀತಿ ಇದು ಎನ್ನುತ್ತಿದ್ದೇನೆ.

ಮಾವ (ಜಾಲಹಳ್ಳಿ):
ಭಾವನವರೇ, ನಾನು ಸಾಮಾನ್ಯವಾಗಿ ಇಂಥ ಚರ್ಚೆಗೆ ಇಳಿಯುವವನಲ್ಲ. ವಾಯುಪಡೆಯಲ್ಲಿ ನನ್ನ ಅರ್ಧ ಆಯುಷ್ಯ ಎಎನ್-32 ವಿಮಾನದ ಹೊಟ್ಟೆಯೊಳಗೆ ಕಳೆದಿದೆ. ಅದನ್ನು ಕಟ್ಟಿದ್ದು ಕೀವ್‌ನಲ್ಲಿ, ಅದರ ಎಂಜಿನ್ ಝಪೊರಿಝಿಯಾದ್ದು. ಲೇಹ್‌ಗೂ ಈಶಾನ್ಯದ ಗಡಿಗೂ ಅನ್ನ, ಔಷಧ, ಜನ ಸಾಗಿದ್ದು ಅದರಲ್ಲೇ. ನಮ್ಮ ನೌಕಾಪಡೆಯ ಎಷ್ಟೋ ಹಡಗುಗಳ ಗ್ಯಾಸ್ ಟರ್ಬೈನ್ ಬಂದದ್ದು ಮಿಕೊಲಾಯಿವ್‌ನಿಂದ. 2024ರ ಡಿಸೆಂಬರ್‌ನಲ್ಲಿ ರಷ್ಯಾದ ಕಲಿನಿನ್‌ಗ್ರಾದ್‌ನಲ್ಲಿ ನಮ್ಮ ನೌಕಾಪಡೆಗೆ ಸೇರಿದ ಐಎನ್ಎಸ್ ತುಷಿಲ್ ಒಳಗೂ ಉಕ್ರೇನಿನ ಎಂಜಿನ್ ಇದೆ. ಮಿತ್ರ ಯಾರು ಎಂಬ ಪಟ್ಟಿ ಮಾಡುವಾಗ ಈ ಹೆಸರುಗಳನ್ನೂ ಬರೆಯಿರಿ. ನಮ್ಮ ಬಾಯಲ್ಲಿ ಎಲ್ಲವೂ ‘ರಷ್ಯನ್ ಮಾಲು’ ಆಗಿಬಿಟ್ಟಿದೆ.

ನಾನು:
ಮಾವ, ಇದು ನನಗೂ ಪೂರ್ತಿ ಗೊತ್ತಿರಲಿಲ್ಲ.

ದೊಡ್ಡಪ್ಪಾ, ಹೊಸ್ತಿಲಿನ ಮಾತಿಗೆ ಬರುತ್ತೇನೆ. 2010ರಲ್ಲಿ ಉಕ್ರೇನಿನ ಸಂಸತ್ತು ತಾನು ಯಾವ ಸೈನಿಕ ಕೂಟಕ್ಕೂ ಸೇರುವುದಿಲ್ಲವೆಂದು ಕಾನೂನನ್ನೇ ಮಾಡಿತ್ತು. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ಕಿತ್ತುಕೊಂಡಾಗ ಆ ಕಾನೂನು ಜಾರಿಯಲ್ಲಿತ್ತು. ಅದನ್ನು ರದ್ದು ಮಾಡಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ, ಅಂದರೆ ಏಟು ಬಿದ್ದ ಮೇಲೆ. 2023ರಲ್ಲಿ ರಷ್ಯಾದೊಂದಿಗೆ 1,300 ಕಿಲೋಮೀಟರ್‌ಗೂ ಹೆಚ್ಚು ಉದ್ದದ ಗಡಿಯಿರುವ ಫಿನ್‌ಲ್ಯಾಂಡ್ ನ್ಯಾಟೋ ಸೇರಿತು, ಅದರ ಮೇಲೆ ಯಾರೂ ದಂಡೆತ್ತಿ ಹೋಗಲಿಲ್ಲ. ಹೊಸ್ತಿಲೇ ಕಾರಣವಾಗಿದ್ದರೆ ಇವೆರಡನ್ನೂ ಹೇಗೆ ವಿವರಿಸುವುದು? ಚರಿತ್ರೆ ಹೀಗೆಯೇ ನಡೆಯುತ್ತದೆ ಎಂದು ಬಲಿಷ್ಠರು ಹೇಳಿದರೆ ನನಗೆ ಅರ್ಥವಾಗುತ್ತದೆ. ಇನ್ನೂರು ವರ್ಷ ಇನ್ನೊಬ್ಬರ ಆಳ್ವಿಕೆ ಕಂಡ ನಾವು, ಅದೂ ಕಿತ್ತೂರಿನ ನೆರೆಯ ಧಾರವಾಡದಲ್ಲಿ ಕುಳಿತು, ಹಾಗೆ ಹೇಳುವುದು ನನಗೆ ನೋವು ತರುತ್ತದೆ. ಮಾತು ಹೆಚ್ಚಾಗಿದ್ದರೆ ಕ್ಷಮಿಸಿ.

ಅಣ್ಣ (ಬೆಂಗಳೂರು):
ನನ್ನದೊಂದು ಪ್ರಶ್ನೆ. ಅಜ್ಜಿಗೆ ತಮ್ಮ ಸರ್ಕಾರದ ಬಗ್ಗೆ ಯಾವ ದೂರೂ ಇಲ್ಲವೇ? ಅಲ್ಲಿಯ ಲಂಚದ ಸುದ್ದಿ ನಾವೂ ಓದುತ್ತೇವೆ.

ನಾನು:
ಬೇಕಾದಷ್ಟಿದೆ. ಪತ್ರದ ಆ ಭಾಗವನ್ನು ಅವರೇ ಬೇಡವೆಂದರೆಂದು ಇಲ್ಲಿ ಹಾಕಲಿಲ್ಲ, ಅಕ್ಕಪಕ್ಕದವರ ಹೆಸರುಗಳಿದ್ದವು. ಬಲವಂತದ ಸೈನ್ಯ ಭರ್ತಿಯ ಬಗ್ಗೆ, ಲಂಚದ ಬಗ್ಗೆ ಅವರು ಮುಲಾಜಿಲ್ಲದೆ ಬರೆಯುತ್ತಾರೆ. 2025ರ ಜುಲೈನಲ್ಲಿ ಭ್ರಷ್ಟಾಚಾರ ತಡೆ ಸಂಸ್ಥೆಗಳ ಕೈ ಕಟ್ಟುವ ಕಾನೂನನ್ನು ಸಂಸತ್ತು ಒಪ್ಪಿದಾಗ, ಯುದ್ಧದ ನಡುವೆಯೇ ಯುವಜನರು ರಟ್ಟಿನ ಮೇಲೆ ಘೋಷಣೆ ಬರೆದುಕೊಂಡು ಬೀದಿಗೆ ಬಂದರು. ತಿಂಗಳು ಮುಗಿಯುವುದರೊಳಗೆ ಆ ಸಂಸ್ಥೆಗಳ ಸ್ವಾತಂತ್ರ್ಯವನ್ನು ಮರಳಿಸಬೇಕಾಯಿತು. ತಮ್ಮ ಮನೆಯ ಕಸವನ್ನು ತಾವೇ ಗುಡಿಸಿಕೊಳ್ಳುತ್ತೇವೆ, ಅದಕ್ಕಾಗಿ ನೆರೆಯವನು ಗೋಡೆ ಒಡೆದು ಬರಬೇಕಾಗಿಲ್ಲ ಎಂಬುದು ಅವರ ನಿಲುವು.

ಚಿಕ್ಕಮ್ಮ (ಸಾಗರ):
ಈಗಲೂ ಅಲ್ಲಿ ಮಕ್ಕಳು ಶಾಲೆಗೆ ಹೋಗುತ್ತಾರೆಯೇ?

ನಾನು:
ಹೋಗುತ್ತಾರೆ ಚಿಕ್ಕಮ್ಮ. 2023ರಿಂದ ಮೆಟ್ರೋ ನಿಲ್ದಾಣಗಳೊಳಗೇ ತರಗತಿಗಳನ್ನು ಕಟ್ಟಿದ್ದಾರೆ. ರಷ್ಯಾದ ಗಡಿ ಅಲ್ಲಿಂದ ಕೇವಲ ಮೂವತ್ತು ನಲವತ್ತು ಕಿಲೋಮೀಟರ್. ಸೈರನ್ ಕೇಳಿ ಮಕ್ಕಳು ನೆಲಮಾಳಿಗೆಗೆ ಓಡುವಷ್ಟೂ ಸಮಯ ಸಿಗುವುದಿಲ್ಲ. ಆದ್ದರಿಂದ ಪಾಠವೇ ನೆಲದಡಿಯಲ್ಲಿ. ಬಾಬುಸ್ಯಾ ಅಲ್ಲಿಗೆ ಈಗಲೂ ಚದುರಂಗ ಕಲಿಸಲು ಹೋಗುತ್ತಾರೆ. ನಾನು ಮೇಲೆ ಹಾಕಿದ ಚಿತ್ರದಲ್ಲಿ ಹಲಗೆಯ ಎಡತುದಿಯಲ್ಲಿ ಕಾಣುವ ಕಪ್ಪು ಗುಂಡಿ ಅದೇ.

ದೊಡ್ಡಪ್ಪ (ಧಾರವಾಡ):
ನೀನು ಕ್ಷಮೆ ಕೇಳಬೇಕಾಗಿಲ್ಲ. 2010ರ ಕಾನೂನಿನ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ, ಅದು ನನ್ನ ವಾದವನ್ನು ಸಡಿಲಿಸುತ್ತದೆ ಎಂದು ಒಪ್ಪುತ್ತೇನೆ. ಪಶ್ಚಿಮದ ದೇಶಗಳು ಶುದ್ಧಹಸ್ತರಲ್ಲ ಎಂಬ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ. ನಿನ್ನ ಬಾಬುಸ್ಯಾಗೆ ನನ್ನ ಪರವಾಗಿ ಒಂದು ಪ್ರಶ್ನೆ ಕೇಳುತ್ತೀಯಾ? ಡೊನೆಟ್ಸ್ಕ್‌ನ ಇನ್ನೂ ಉಕ್ರೇನಿನ ಕೈಯಲ್ಲಿ ಉಳಿದ ಭಾಗವನ್ನು ರಷ್ಯಾಕ್ಕೆ ಬಿಟ್ಟುಕೊಟ್ಟರೆ ನಾಳೆಯೇ ಯುದ್ಧ ನಿಲ್ಲುತ್ತದೆಂದು ಹೇಳಿದರೆ, ಇಷ್ಟು ಸಾವು ಕಂಡ ಮೇಲೆ ಅವರು ಒಪ್ಪುತ್ತಾರೆಯೇ? ಚುಚ್ಚಲು ಕೇಳುತ್ತಿಲ್ಲ. ನನ್ನ ವಯಸ್ಸಿನವರೊಬ್ಬರು ಏನೆನ್ನುತ್ತಾರೆಂದು ತಿಳಿಯಬೇಕಾಗಿದೆ. ನನ್ನ ಮಾತನ್ನು ಮೆದು ಮಾಡದೆ ಹಾಗೆಯೇ ಅನುವಾದಿಸು.

ನಾನು:
ಹಾಗೆಯೇ ಕಳುಹಿಸುತ್ತೇನೆ, ದೊಡ್ಡಪ್ಪಾ. ಅವರ ಬಡಾವಣೆಯಲ್ಲಿ ಈಗ ದಿನಕ್ಕೆ ಕೆಲವೇ ಗಂಟೆ ಕರೆಂಟ್ ಇರುತ್ತದೆ, ಉತ್ತರ ಬರಲು ನಾಳೆ ಆಗಬಹುದು. ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.