ಮಗಳ ಐಕ್ಯೂ 94 ಬಂದಿದೆ. ಬುದ್ಧಿ ಒಂದೇನಾ, ಎಂಟಾ?

ಪ್ರಶ್ನೆ: ನಮಸ್ಕಾರ ಮೇಡಂ. ಒಂಬತ್ತು ವರ್ಷದ ಮಗಳಿಗೆ ಐಕ್ಯೂ ಪರೀಕ್ಷೆ ಮಾಡಿಸಿದೆವು. ಒಟ್ಟು 94 ಬಂದಿದೆ. ಒಳಗೆ ನೋಡಿದರೆ ಮಾತು, ಪದಗಳ ಭಾಗಕ್ಕೆ 112, ಕೆಲಸದ ವೇಗಕ್ಕೆ 78. ಅವಳು ಎಷ್ಟು ಚೆನ್ನಾಗಿ ಕಥೆ ಕಟ್ಟಿ ಹೇಳುತ್ತಾಳೆ ಗೊತ್ತಾ! ಗಾರ್ಡ್ನರ್ ಎನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಬುದ್ಧಿ ಎಂಟು ಬಗೆ ಅಂತ ಹೇಳಿದ್ದಾರೆಂದು ಓದಿದೆ. ಹಾಗಾದರೆ ಈ 94ಕ್ಕೆ ಅರ್ಥ ಇದೆಯಾ?

ಉತ್ತರ (ಮನಶ್ಶಾಸ್ತ್ರಜ್ಞೆ): ಮೊದಲು ಒಂದು ಮಾತು. ಇದು ನೂರಕ್ಕೆ 94 ಅಲ್ಲ. ಆ ವಯಸ್ಸಿನ ಮಕ್ಕಳ ಸರಾಸರಿಯನ್ನೇ 100 ಅಂತ ಇಟ್ಟಿರುತ್ತಾರೆ. ನೂರರಲ್ಲಿ ಸುಮಾರು 68 ಮಕ್ಕಳು 85ರಿಂದ 115ರೊಳಗೆ ಬರುತ್ತಾರೆ. ನಿಮ್ಮ ಮಗಳೂ ಅಲ್ಲೇ ಇದ್ದಾಳೆ.

ಇನ್ನು ಒಂದಾ, ಎಂಟಾ ಅನ್ನೋದು. 1904ರಲ್ಲಿ ಸ್ಪಿಯರ್‌ಮನ್ ಎಂಬ ಇಂಗ್ಲಿಷ್ ಮನಶ್ಶಾಸ್ತ್ರಜ್ಞರು ಒಂದು ವಿಷಯ ಗಮನಿಸಿದರು: ಒಂದು ಬಗೆಯ ಪರೀಕ್ಷೆಯಲ್ಲಿ ಮುಂದಿರುವವರು ಸಾಮಾನ್ಯವಾಗಿ ಬೇರೆಯವುಗಳಲ್ಲೂ ಮುಂದಿರುತ್ತಾರೆ. ಇದರ ಹಿಂದೆ ಒಂದು ಸಾಮಾನ್ಯ ಶಕ್ತಿ ಇದೆ ಎಂದು ಅದಕ್ಕೆ 'ಜಿ' ಅಂತ ಹೆಸರಿಟ್ಟರು. ಅವರು ಕಂಡ ಆ ನಂಟು ಇವತ್ತಿಗೂ ಕಾಣುತ್ತದೆ. ಆದರೆ ಎಲ್ಲವನ್ನೂ ಒಂದೇ ಅಂಕಕ್ಕೆ ಇಳಿಸಿದರೆ ಏನೋ ಕೈತಪ್ಪುತ್ತದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಥರ್ಸ್ಟನ್ 1938ರಲ್ಲಿ ಏಳು ಸಾಮರ್ಥ್ಯಗಳನ್ನು ಬೇರೆ ಮಾಡಿ ತೋರಿಸಿದರು. ಮುಂದೆ ಕ್ಯಾಟೆಲ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರು, ಹೊಸ ಸಮಸ್ಯೆ ಬಿಡಿಸುವ ಶಕ್ತಿ ಬೇರೆ, ಕಲಿತು ಕೂಡಿಟ್ಟ ತಿಳಿವಳಿಕೆ ಬೇರೆ ಎಂದರು. ನನಗೆ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಈ ಭೇದ. ವಯಸ್ಸಾದಂತೆ ಮೊದಲನೆಯದು ಕುಗ್ಗಿದರೂ ಎರಡನೆಯದು ಬಹುಕಾಲ ಉಳಿಯುತ್ತದೆ.

ಗಾರ್ಡ್ನರ್ 1983ರಲ್ಲಿ ಹೇಳಿದ್ದು ಏಳು, ಎಂಟನೆಯದು ಆಮೇಲೆ ಸೇರಿದ್ದು. ಸಂಗೀತ, ಮೈಕೈ ಚಳಕ ಇವೂ ಬುದ್ಧಿಯೇ ಎಂದದ್ದು ಎಷ್ಟೋ ಪೋಷಕರಿಗೆ ಸಮಾಧಾನ ಕೊಟ್ಟಿದೆ, ಅದು ನನಗೂ ಇಷ್ಟ. ಆದರೆ ಅವು ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ಬೇರೆ ಬುದ್ಧಿಗಳು ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ.

ನಿಮ್ಮ ವರದಿಯಲ್ಲಿ ನಾನು ಮೊದಲು ನೋಡುವುದು 94 ಅಲ್ಲ, 112ಕ್ಕೂ 78ಕ್ಕೂ ನಡುವಿನ 34 ಅಂಕಗಳ ಅಂತರ. ಇಷ್ಟು ಅಂತರ ಇದ್ದಾಗ ಒಟ್ಟು ಅಂಕ ಮಗುವಿನ ಬಗ್ಗೆ ಹೇಳುವುದು ಕಡಿಮೆ.

ಮರುಪ್ರಶ್ನೆ: 78 ಅಂದರೆ ಅವಳು ಮಂದ ಅಂತಾನಾ ಮೇಡಂ? ಶಾಲೆಯಲ್ಲೂ ಬರೆದು ಮುಗಿಸುವುದಿಲ್ಲ.

ಉತ್ತರ: ಇಲ್ಲಮ್ಮ, ದಯವಿಟ್ಟು ಆ ಪದ ಅವಳ ಕಿವಿಗೆ ಬೀಳದಿರಲಿ. ಆ ಭಾಗದಲ್ಲಿ ಗಡಿಯಾರ ಇಟ್ಟು ಚಿಹ್ನೆ ಹುಡುಕಿಸುತ್ತಾರೆ, ನೋಡಿ ಬರೆಸುತ್ತಾರೆ. ಕೈಬರಹದ ಕಷ್ಟ, ಕಣ್ಣಿನ ತೊಂದರೆ, ಗಮನ ಚದುರುವುದು, ಗಾಬರಿ, ತಪ್ಪಾಗಬಾರದು ಎಂಬ ಅತಿ ಎಚ್ಚರ, ಇವುಗಳಲ್ಲಿ ಯಾವುದಾದರೂ ಅಂಕ ಇಳಿಸಬಹುದು. 1905ರಲ್ಲಿ ಸಿಮೋನ್ ಜೊತೆ ಬುದ್ಧಿ ಅಳೆಯುವ ಪರೀಕ್ಷೆ ರೂಪಿಸಿದ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಬಿನೆಯವರ ಉದ್ದೇಶವೂ ಯಾವ ಮಗುವಿಗೆ ಸಹಾಯ ಬೇಕು ಅಂತ ಗುರುತಿಸುವುದೇ ಆಗಿತ್ತು. ಬುದ್ಧಿ ಬೆಳೆಯುವುದೇ ಇಲ್ಲ ಎನ್ನುವವರನ್ನು ಅವರು ಖಂಡಿಸಿದ್ದರು.

ಪರೀಕ್ಷೆ ಮಾಡಿದವರ ಹತ್ತಿರ ಇಷ್ಟು ಕೇಳಿ: ಅವಳು ನಿಧಾನವಾಗಿ ಆದರೂ ಸರಿ ಬರೆದಳಾ, ಅವಸರದಲ್ಲಿ ತಪ್ಪು ಮಾಡಿದಳಾ? ನಿಧಾನ ಆದರೂ ಸರಿ ಅಂದರೆ, ಬರೆಯಲು ಜಾಸ್ತಿ ಸಮಯ ಕೊಡಿ ಅಂತ ಶಾಲೆಯಲ್ಲಿ ಈ ವರದಿ ತೋರಿಸಿಯೇ ಕೇಳಬಹುದು. ಕಣ್ಣಿನ ತಪಾಸಣೆ ಮಾತ್ರ ಈ ವಾರವೇ ಮಾಡಿಸಿಬಿಡಿ.