ಮೆಸೇಜ್ ಹಾಕಿದ್ರೆ ಮಾಸ್ಕ್ ಹಾಕ್ತಾರಾ?

ಚಿಕ್ಕಪ್ಪಾ, ನಿಮ್ಮ ವಾಯ್ಸ್ ಕೇಳಿದೆ. ಕೊರೊನಾದಂಥದ್ದು ಮತ್ತೆ ಬಂದ್ರೆ ದಿನಾ ಬೆಳಿಗ್ಗೆ ಮೊಬೈಲಿಗೊಂದು ಎಚ್ಚರಿಕೆ ಕಳಿಸೋದು, ಮನೆ ಬಾಗಿಲಿಗೆ ‘ನಾವು ಮಾಸ್ಕ್ ಹಾಕ್ತೀವಿ’ ಅಂತ ಬೋರ್ಡ್ ಹಚ್ಚೋದು, ಅಷ್ಟು ಮಾಡಿದ್ರೆ ನಿಮ್ಮ ಲೇಔಟ್ ಜನ ದಾರಿಗೆ ಬರ್ತಾರೆ ಅಂದ್ರಲ್ಲ? ಬಾಂಗ್ಲಾದೇಶದಲ್ಲಿ ಇವೆರಡನ್ನೂ ಮಾಡಿ ನೋಡಿದ್ದಾರೆ. ಎರಡರಿಂದಲೂ ಏನೂ ಗಿಟ್ಟಲಿಲ್ಲ. ಊರ ಮುಖಂಡರಿಗೆ ದುಡ್ಡಿನ ಆಸೆ ತೋರಿಸಿದ್ದೂ ಅಷ್ಟೆ.

ಆ ಪ್ರಯೋಗ ನಡೆದಿದ್ದು 2020ರ ನವೆಂಬರಿಂದ 2021ರ ಏಪ್ರಿಲ್‌ವರೆಗೆ, 600 ಹಳ್ಳಿ, ಮೂರು ಲಕ್ಷಕ್ಕೂ ಮೇಲೆ ಜನ. ಅರ್ಧ ಹಳ್ಳೀಲಿ ಪ್ರಚಾರ, ಇನ್ನರ್ಧ ಸುಮ್ನೆ ಬಿಟ್ರು. ಸರ್ಕಾರ ಮಾಸ್ಕ್ ಕಡ್ಡಾಯ ಮಾಡಿದ್ರೂ ಸುಮ್ನೆ ಬಿಟ್ಟ ಹಳ್ಳಿಗಳಲ್ಲಿ ಮೂಗು-ಬಾಯಿ ಎರಡೂ ಮುಚ್ಚೋ ಹಾಗೆ ಹಾಕಿದ್ದು ನೂರಕ್ಕೆ 13 ಜನ. ಪ್ರಚಾರ ಮಾಡಿದ ಕಡೆ 42. ಜನರನ್ನ ಕೇಳಿ ಬರ್ಕೊಂಡ ಲೆಕ್ಕ ಅಲ್ಲ ಇದು, ಕೇಳಿದ್ರೆ ಎಲ್ಲರೂ ಹಾಕ್ತೀವಿ ಅಂತಾರೆ! ಸಂತೆ, ಚಹಾ ಅಂಗಡಿ, ಮಸೀದಿ ಹತ್ರ ಗುರುತು ಸಿಗದ ಹಾಗೆ ನಿಂತು ಎಣಿಸಿದ್ದು.

ಮನೆಮನೆಗೆ ಪುಕ್ಕಟೆ ಮಾಸ್ಕ್ ಕೊಟ್ರು. ಆಗಿನ ಪ್ರಧಾನಿ ಶೇಖ್ ಹಸೀನಾ, ಕ್ರಿಕೆಟರ್ ಶಕೀಬ್ ಅಲ್ ಹಸನ್ ಮಾತಾಡಿದ ಚಿಕ್ಕ ವಿಡಿಯೊ ತೋರಿಸಿದ್ರು. ಇಮಾಮರೂ ಹೇಳಿದ್ರು. ಇಷ್ಟಕ್ಕೇ ಸಾಲಲ್ಲ ಅಂತ ಮುಂಚಿನ ಸಣ್ಣ ಪ್ರಯೋಗದಲ್ಲೇ ಗೊತ್ತಾಗಿತ್ತು. ಕೆಲಸ ಮಾಡಿದ್ದು ರಸ್ತೇಲಿ ನಿಂತ ಮನುಷ್ಯ. ಬರೀ ಮುಖದಲ್ಲಿ ಬಂದವರನ್ನ ನಿಲ್ಲಿಸ್ತಾನೆ, ಗದರಲ್ಲ, ‘ಮಾಸ್ಕ್ ಎಲ್ಲಿ?’ ಅಂತಾನೆ, ಇಲ್ಲ ಅಂದ್ರೆ ಅಲ್ಲೇ ಒಂದು ಕೈಗಿಡ್ತಾನೆ. ಮರೆತೆ, ದುಡ್ಡಿಲ್ಲ, ಯಾರೂ ಹಾಕಿಲ್ಲ ಅನ್ನೋ ಮೂರೂ ನೆಪ ಅಲ್ಲಿಗೆ ಮುಗೀತು. ಅವನು ಹೋದ್ಮೇಲೆ ಹಾಕೋದು ನಿಧಾನಕ್ಕೆ ಇಳೀತು, ಅದೂ ನಿಜ.

ಮಾಸ್ಕ್ ಹಾಕಿದವರು ಮೈಮರೆತು ಮೈಗೆ ಮೈ ತಾಗಿಸಿ ನಿಲ್ತಾರೆ ಅಂತ ಅತ್ತೆ ಹೇಳಿದ್ರು. ಅಲ್ಲಿ ಆಗಿದ್ದು ಉಲ್ಟಾ, ಅಂತರ ಸ್ವಲ್ಪ ಹೆಚ್ಚಾಯ್ತು.

ಬಟ್ಟೆ ಮಾಸ್ಕ್ ಹೊಲಿಸೋಕೆ ಹೋಗ್ಬೇಡಿ. ಅಲ್ಲಿ ಕೊಟ್ಟ ಸರ್ಜಿಕಲ್ ಮಾಸ್ಕು ಸೋಪು ನೀರಲ್ಲಿ 10 ಸಲ ಒಗೆದ್ಮೇಲೂ ಗಾಳೀಲಿರೋ ಸಣ್ಣ ಕಣಗಳಲ್ಲಿ 76% ಸೋಸ್ತಿತ್ತು, ಬಟ್ಟೇದು ಹೊಸದಿದ್ದಾಗಲೇ 37%. ಸರ್ಜಿಕಲ್ ಹಂಚಿದ ಹಳ್ಳಿಗಳಲ್ಲಿ 60 ದಾಟಿದವರಲ್ಲಿ, ಲಕ್ಷಣ ಇದ್ದು ರಕ್ತಪರೀಕ್ಷೇಲೂ ಖಾತ್ರಿಯಾದ ಕೇಸು 35% ಕಡಿಮೆ.

ಅದಕ್ಕೇ ಬೋರ್ಡಿನ ದುಡ್ಡಲ್ಲಿ ಸರ್ಜಿಕಲ್ ಬಾಕ್ಸ್ ತರಿಸಿ, ಹಾಲಿನ ಬೂತ್ ಹತ್ರ ಬೆಳಿಗ್ಗೆ ಯಾರನ್ನಾದ್ರೂ ನಿಲ್ಲಿಸಿ. ವಾಚ್‌ಮನ್‌ನ ಮಾತ್ರ ಬೇಡ, ಅವನು ಹೇಳಿದ್ರೆ ಮನೆ ಯಜಮಾನ್ರು ಮೂತಿ ತಿರುವ್ತಾರೆ. ನೀವೂ ಪಕ್ಕದ ಮನೆ ಮೇಷ್ಟ್ರೂ ಸರದಿ ಮೇಲೆ ನಿಂತ್ರೆ ನಡೆಯುತ್ತೆ.